ಓದಿದ ಶಾಲೆಗೆ ದುಡ್ಡು ಕೊಡುವುದು ಹೇಗೆ? ಹಾಸನ, ಚಿಕ್ಕಮಗಳೂರಿನ ಕ್ರಿಶ್ಚಿಯನ್ ಹೈಸ್ಕೂಲುಗಳ ಹಳೇ ವಿದ್ಯಾರ್ಥಿಗಳಿಗೆ ಒಂದು ಸಮಗ್ರ ಮಾರ್ಗದರ್ಶಿ

ಮೂರು ವರ್ಷದ ಹಿಂದೆ ಜೂನ್ ತಿಂಗಳಲ್ಲಿ ನಾನು ಓದಿದ ಹೈಸ್ಕೂಲಿಗೆ ಹೋಗಿದ್ದೆ. ಹೊರಗೆ ಮಳೆ ಬಿಡದೆ ಸುರಿಯುತ್ತಿತ್ತು. ಹೆಡ್‌ಮಿಸ್ಟ್ರೆಸ್ ಸಿಸ್ಟರ್ ಟೇಬಲ್ ಮೇಲೆ ಫೀಸಿನ ರಿಜಿಸ್ಟರ್ ತೆರೆದಿತ್ತು. ಕೆಂಪು ರಟ್ಟಿನ ಉದ್ದನೆಯ ಪುಸ್ತಕ. ಕಟ್ಟಿದವರ ಹೆಸರಿನ ಮುಂದೆ ನೀಲಿ ಇಂಕಿನಲ್ಲಿ ರಸೀದಿ ನಂಬರ್. ಕೆಲವು ಹೆಸರುಗಳ ಮುಂದೆ ಮಾತ್ರ ಪೆನ್ಸಿಲಿನಲ್ಲಿ ಸಣ್ಣ ಚುಕ್ಕೆ. ಇದೇನು ಸಿಸ್ಟರ್ ಅಂತ ಕೇಳಿದೆ. "ಕೇಳಬಾರದು ಅಂತ ಗುರುತು" ಅಂದರು. ಆ ಮಕ್ಕಳ ಮನೆಯಿಂದ ಸದ್ಯಕ್ಕೆ ಫೀಸ್ ಬರುವುದಿಲ್ಲ, ಕ್ಲಾಸಿನಲ್ಲಿ ಯಾರೂ ಅವರ ಹೆಸರು ಕೂಗಿ ನಿಲ್ಲಿಸಬಾರದು, ಅದಕ್ಕೆ ಪೆನ್ಸಿಲ್ ಗುರುತು. ಹತ್ತನೇ ಕ್ಲಾಸೊಂದರಲ್ಲೇ ಎಣಿಸಿದೆ. ಹನ್ನೊಂದು.

ಅದೇ ಶಾಲೆಗೆ ಅದಕ್ಕೂ ಮೊದಲು ನಮ್ಮ ಬ್ಯಾಚು ಒಂದು ಸ್ಮಾರ್ಟ್ ಬೋರ್ಡ್ ಕೊಟ್ಟಿತ್ತು. ಎಲ್ಲರೂ ಖುಷಿಯಿಂದ ದುಡ್ಡು ಹಾಕಿದ್ದೆವು, ರಿಬ್ಬನ್ ಕತ್ತರಿಸಿ ಫೋಟೋ ತೆಗೆಸಿಕೊಂಡಿದ್ದೆವು. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಹೋದರೆ ಎರಡು ದಿನಕ್ಕೂ ಬರುವುದಿಲ್ಲ ಅಂತ ನಮಗೆ ಗೊತ್ತಿತ್ತು, ಆದರೂ ಯುಪಿಎಸ್ ಬಗ್ಗೆ ಯಾರೂ ಯೋಚನೆ ಮಾಡಲಿಲ್ಲ. ಆ ಕೋಣೆಯ ಹೆಂಚು ಸೋರುತ್ತೆ ಅಂತ ಕೇಳಿ ತಿಳಿದುಕೊಳ್ಳಲೂ ಇಲ್ಲ. ನಾನು ಹೋದ ದಿನ ಆ ಬೋರ್ಡಿಗೆ ಹಳೇ ಟೇಬಲ್ ಕ್ಲಾತ್ ಮುಚ್ಚಿತ್ತು.

ಆಮೇಲೆ ಕಲಿತಿದ್ದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ. ದುಡ್ಡು ಕೊಡುವ ಮನಸ್ಸು ನಮ್ಮವರಲ್ಲಿ ಕಡಿಮೆ ಇಲ್ಲ. ಯಾರಿಗೆ, ಯಾವಾಗ, ಯಾವ ಖಾತೆಗೆ, ಯಾತಕ್ಕೆ ಅನ್ನುವುದರಲ್ಲಿ ಎಡವುತ್ತೇವೆ.

ಮೊದಲು ಹೋಗಿ ಕೇಳಿ

ಗ್ರೂಪಿನಲ್ಲಿ "ಶಾಲೆಗೆ ಏನಾದರೂ ಮಾಡೋಣ" ಅಂತ ಮೆಸೇಜ್ ಬಂದ ತಕ್ಷಣ ಐಡಿಯಾಗಳು ಶುರುವಾಗುತ್ತವೆ. ಕಮಾನು ಕಟ್ಟಿಸೋಣ, ವಾಟರ್ ಫಿಲ್ಟರ್ ಹಾಕಿಸೋಣ, ಗೇಟಿಗೆ ಹೆಸರು ಬರೆಸೋಣ. ಅಲ್ಲೇ ನಿಲ್ಲಿಸಿ. ಇಬ್ಬರು ಶಾಲೆಗೆ ಹೋಗಿ ಹೆಡ್‌ಮಾಸ್ಟರ್ ಹತ್ತಿರ ಒಂದು ಗಂಟೆ ಕೂರಿ. ಆಗಸ್ಟ್ 15 ಅಥವಾ ಸ್ಕೂಲ್ ಡೇ ದಿನ ಬೇಡ, ಆ ದಿನ ಅವರಿಗೆ ಮಾತಾಡಲು ಪುರುಸೊತ್ತಿರುವುದಿಲ್ಲ. ಮಾಮೂಲಿ ಕೆಲಸದ ದಿನ, ಊಟದ ಬೆಲ್ ಆದ ಮೇಲೆ ಹೋಗಿ.

"ಏನು ಬೇಕು?" ಅಂತ ಕೇಳಿದರೆ ಸಂಕೋಚಕ್ಕೆ "ನಿಮ್ಮ ಇಷ್ಟ" ಅಂದುಬಿಡುತ್ತಾರೆ. ಬೇರೆ ಥರ ಕೇಳಿ. ಈ ವರ್ಷ ಎಷ್ಟು ಮಕ್ಕಳ ಫೀಸ್ ಬಾಕಿ ಉಳಿದಿದೆ? ಯಾವ ಪಾಠಕ್ಕೆ ಮೇಷ್ಟ್ರಿಲ್ಲ? ಮಳೆ ಬಂದರೆ ಯಾವ ಕೋಣೆಯಿಂದ ಮಕ್ಕಳನ್ನು ಎಬ್ಬಿಸಬೇಕಾಗುತ್ತದೆ? ಎಸ್ಸೆಸ್ಸೆಲ್ಸಿ ಮುಗಿಸದೆ ನಡುವೆ ಬಿಟ್ಟವರು ಎಷ್ಟು, ಯಾಕೆ? ಈ ನಾಲ್ಕಕ್ಕೆ ಉತ್ತರ ಸಿಕ್ಕಿದರೆ ಏನು ಮಾಡಬೇಕು ಅನ್ನುವುದು ಅರ್ಧ ಗೊತ್ತಾದ ಹಾಗೆ.

ಇನ್ನೊಂದು ವಿಷಯ ಕೇಳಲೇಬೇಕು. ಶಾಲೆ ಅನುದಾನಿತವೋ, ಅನುದಾನ ಇಲ್ಲದ್ದೋ? ಅನುದಾನಿತ ಶಾಲೆಯಲ್ಲಿ ಮಂಜೂರಾದ ಹುದ್ದೆಗಳಿಗೆ ಸಂಬಳ ಸರ್ಕಾರದಿಂದ ಬರುತ್ತದೆ. ಮಧ್ಯಾಹ್ನದ ಬಿಸಿಯೂಟ, ಪಠ್ಯಪುಸ್ತಕ ಕೂಡ ಬರುತ್ತದೆ. ಆದರೆ ಒಬ್ಬ ಮೇಷ್ಟ್ರು ರಿಟೈರ್ ಆದರೆ ಆ ಜಾಗ ತುಂಬಲು ಇಲಾಖೆಯ ಅನುಮತಿ ಬೇಕು, ಅಲ್ಲಿಯವರೆಗೆ ಆಡಳಿತ ಮಂಡಳಿಯೇ ಯಾರನ್ನಾದರೂ ತಾತ್ಕಾಲಿಕವಾಗಿ ಇಟ್ಟುಕೊಂಡು ಸಂಬಳ ಕೊಡಬೇಕು. ಅನುದಾನ ಇಲ್ಲದ ಶಾಲೆ ಪೂರ್ತಿ ಫೀಸಿನ ಮೇಲೆ ನಡೆಯುತ್ತದೆ. "ಆರ್‌ಟಿಇ ಸೀಟಿನ ದುಡ್ಡು ಸರ್ಕಾರ ಕೊಡುತ್ತಲ್ಲ" ಅಂತ ನಮ್ಮ ಗ್ರೂಪಿನಲ್ಲೇ ಒಬ್ಬರು ವಾದ ಮಾಡಿದ್ದರು. ಆರ್‌ಟಿಇ ಅಂದರೆ ಶಿಕ್ಷಣ ಹಕ್ಕು ಕಾಯ್ದೆ, ಅದರಲ್ಲಿ ಖಾಸಗಿ ಶಾಲೆಗಳು ಬಡ ಮಕ್ಕಳಿಗೆ ಸೀಟು ಮೀಸಲಿಡಬೇಕು. ಆದರೆ ಕ್ರಿಶ್ಚಿಯನ್ ಶಾಲೆಗಳಂಥ ಅಲ್ಪಸಂಖ್ಯಾತ ಶಾಲೆಗಳಿಗೆ ಆರ್‌ಟಿಇ ಕಾಯ್ದೆ ಅನ್ವಯಿಸುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2014ರಲ್ಲೇ ಹೇಳಿದೆ. ಅಂದರೆ ಇಂಥ ಶಾಲೆಯಲ್ಲಿ ಬಡ ಮಗುವಿನ ಫೀಸನ್ನು ಶಾಲೆಯೇ ಬಿಟ್ಟುಕೊಡಬೇಕು, ಇಲ್ಲ ನಮ್ಮಂಥವರು ತುಂಬಬೇಕು.

ಶಾಲೆ ಯಾರ ಹೆಸರಿನಲ್ಲಿದೆ?

ಇದು ಸುಮಾರು ಜನರಿಗೆ ಗೊತ್ತಿಲ್ಲ. ನಾವು "ನಮ್ಮ ಸ್ಕೂಲು" ಅಂತೀವಿ, ಕಾನೂನಿನ ಪ್ರಕಾರ ಅದು ಬೇರೆ ಯಾವುದೋ ಸೊಸೈಟಿಯ ಅಥವಾ ಟ್ರಸ್ಟಿನ ಒಂದು ಶಾಖೆ ಆಗಿರಬಹುದು. ಚಿಕ್ಕಮಗಳೂರು ಕಥೋಲಿಕ ಧರ್ಮಕ್ಷೇತ್ರ (ಒಬ್ಬ ಬಿಷಪ್ಪರ ಆಡಳಿತಕ್ಕೆ ಸೇರಿದ ಪ್ರದೇಶ) ಮೈಸೂರಿನಿಂದ ಬೇರೆಯಾಗಿದ್ದು 1963ರಲ್ಲಿ. ಹಾಸನ ಜಿಲ್ಲೆಯೂ ಅದಕ್ಕೇ ಸೇರುತ್ತದೆ. ಈ ಎರಡು ಜಿಲ್ಲೆಗಳಲ್ಲಿ ಕೆಲವು ಶಾಲೆಗಳನ್ನು ಧರ್ಮಕ್ಷೇತ್ರವೇ ನಡೆಸುತ್ತದೆ, ಕೆಲವನ್ನು ಸಿಸ್ಟರ್‌ಗಳ ಅಥವಾ ಬ್ರದರ್‌ಗಳ ಸಭೆಗಳು ನಡೆಸುತ್ತವೆ, ಅವರ ಹೆಡ್ ಆಫೀಸ್ ಬೇರೆ ಊರಿನಲ್ಲಿರುವುದೂ ಉಂಟು. ಪ್ರೊಟೆಸ್ಟೆಂಟ್ ಸಭೆಗಳ ಶಾಲೆಗಳ ವ್ಯವಸ್ಥೆ ಬೇರೆ. ಹಾಗಾಗಿ ಕೇಳಿ: ಸಂಸ್ಥೆಯ ನೋಂದಾಯಿತ ಹೆಸರೇನು, ಪ್ಯಾನ್ ಯಾರ ಹೆಸರಿನಲ್ಲಿದೆ, 80ಜಿ (ದಾನ ಕೊಟ್ಟವರಿಗೆ ಆದಾಯ ತೆರಿಗೆ ವಿನಾಯಿತಿ ಸಿಗಲು ಬೇಕಾದ ನೋಂದಣಿ) ಇದೆಯಾ, ರಸೀದಿ ಯಾರು ಕೊಡುತ್ತಾರೆ? ಕರೆಸ್ಪಾಂಡೆಂಟ್ (ಆಡಳಿತ ಮಂಡಳಿಯ ಪರವಾಗಿ ಶಾಲೆ ನೋಡಿಕೊಳ್ಳುವ) ಫಾದರ್ ಅಥವಾ ಸಿಸ್ಟರ್ ಹತ್ತಿರ ಈ ಕಾಗದಗಳೆಲ್ಲ ಇರುತ್ತವೆ. ಕೇಳುವುದರಲ್ಲಿ ಅನುಮಾನ, ಅವಮಾನ ಏನೂ ಇಲ್ಲ. ಒಳ್ಳೆಯ ಲೆಕ್ಕ ಇಟ್ಟವರು ಸಂತೋಷವಾಗಿ ತೋರಿಸುತ್ತಾರೆ.

ನಮ್ಮ ಬ್ಯಾಚಿನಲ್ಲಿ ಹಿಂದೂಗಳೂ ಇದ್ದಾರೆ, ಮುಸ್ಲಿಮರೂ ಇದ್ದಾರೆ, ಕ್ರೈಸ್ತರಿಗಿಂತ ಅವರೇ ಜಾಸ್ತಿ. "ಈ ದುಡ್ಡು ಚರ್ಚಿಗೆ ಹೋಗುತ್ತಾ?" ಅಂತ ಒಬ್ಬರು ಮೆಲ್ಲಗೆ ಕೇಳಿದ್ದರು. ಕೇಳಬೇಕಾದ ಪ್ರಶ್ನೆಯೇ ಅದು. ಚರ್ಚಿನ ಖಾತೆ ಬೇರೆ, ಶಾಲೆಯ ಖಾತೆ ಬೇರೆ. ಚೆಕ್ಕಿನ ಮೇಲೆ ಶಾಲೆಯ ಸಂಸ್ಥೆಯ ಹೆಸರೇ ಇರಲಿ, ಜೊತೆಗೆ ಯಾವ ಉದ್ದೇಶಕ್ಕೆ ಅಂತ ಒಂದು ಪತ್ರ ಇರಲಿ. ಕ್ರೈಸ್ತರಿಗೂ ಇದು ಮುಖ್ಯ. ಭಾನುವಾರ ಚರ್ಚಿನಲ್ಲಿ ಹಾಕುವ ಕಾಣಿಕೆ, ದಶಮಾಂಶ (ಆದಾಯದ ಹತ್ತನೇ ಒಂದು ಪಾಲು) ಧರ್ಮದ ಲೆಕ್ಕಕ್ಕೆ ಸೇರುತ್ತದೆ. ಅದರಲ್ಲೇ ಶಾಲೆಗೂ ಕೊಟ್ಟ ಹಾಗಾಯಿತು ಅಂದುಕೊಳ್ಳಬೇಡಿ. ದಶಮಾಂಶದ ಒಂದು ಪಾಲು ಶಾಲೆಗೆ ಹೋಗಲಿ ಅನ್ನುವವರು ಅದನ್ನು ನೇರವಾಗಿ ಶಾಲೆಯ ಖಾತೆಗೇ ಹಾಕುವುದು ವಾಸಿ.

ಒಬ್ಬರ ಫೋನ್‌ಪೇ ನಂಬರಿಗೆ ಹಾಕಬೇಡಿ

ಸ್ಮಾರ್ಟ್ ಬೋರ್ಡಿನ ಸಲ ನಾವು ಮಾಡಿದ ಎರಡನೇ ತಪ್ಪು ಇದು. ಗೆಳೆಯನೊಬ್ಬನ ನಂಬರ್ ಕೊಟ್ಟು ಎಲ್ಲರೂ ಅಲ್ಲಿಗೇ ಹಾಕಿದೆವು. ಅವನು ಪ್ರಾಮಾಣಿಕ, ಒಂದು ರೂಪಾಯಿ ಆಚೀಚೆ ಆಗಲಿಲ್ಲ. ಆದರೆ ಅವನ ಮನೆ ಖರ್ಚಿನ ದುಡ್ಡೂ ಅದೇ ಖಾತೆಯಲ್ಲಿತ್ತು. ಯಾರು ಎಷ್ಟು ಹಾಕಿದರು ಅಂತ ಹುಡುಕಿ ಬರೆಯಲು ಎರಡು ವಾರ ಹಿಡಿಯಿತು. ನಡುವೆ ಯಾರೋ "ಲೆಕ್ಕ ಎಲ್ಲಿ?" ಅಂತ ಗ್ರೂಪಿನಲ್ಲಿ ಹಾಕಿದರು, ಅವನು ನೊಂದುಕೊಂಡು ಗ್ರೂಪೇ ಬಿಟ್ಟ. ಇವತ್ತಿಗೂ ಪೂರ್ತಿ ಸರಿಹೋಗಿಲ್ಲ.

ಸರಿಯಾದ ದಾರಿ ಸುಲಭ. ಪ್ರತಿಯೊಬ್ಬರೂ ನೇರವಾಗಿ ಸಂಸ್ಥೆಯ ಬ್ಯಾಂಕ್ ಖಾತೆಗೆ ನೆಫ್ಟ್ ಅಥವಾ ಯುಪಿಐ ಮಾಡಿ, ವಿವರದ ಜಾಗದಲ್ಲಿ ಬ್ಯಾಚಿನ ವರ್ಷ ಬರೆಯಿರಿ. ಆಮೇಲೆ ಹೆಸರು, ಪ್ಯಾನ್, ವಿಳಾಸ, ಹಾಕಿದ ತಾರೀಕು ಶಾಲೆಯ ಆಫೀಸಿಗೆ ಕಳಿಸಿ. ಗ್ರೂಪಿನಲ್ಲಿ ಪ್ಯಾನ್ ಹಾಕಬೇಡಿ.

ಸಂಘ ಕಟ್ಟಬೇಕಾ ಅಂತ ಸುಮಾರು ಜನ ಕೇಳುತ್ತಾರೆ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಪ್ರಕಾರ ಏಳು ಜನ ಸೇರಿದರೆ ಹಳೇ ವಿದ್ಯಾರ್ಥಿಗಳ ಸಂಘ ನೋಂದಾಯಿಸಬಹುದು. ಆದರೆ ಆಮೇಲೆ ಪ್ರತಿ ವರ್ಷ ಸಭೆ, ಲೆಕ್ಕ, ಆಡಿಟ್, ರಿಜಿಸ್ಟ್ರಾರ್ ಆಫೀಸಿಗೆ ಕಾಗದ ಎಲ್ಲ ಇರುತ್ತದೆ. ತೆರಿಗೆ ವಿನಾಯಿತಿ ರಸೀದಿ ಕೊಡಬೇಕಾದರೆ ಸಂಘಕ್ಕೇ ಬೇರೆ 80ಜಿ ಮಾಡಿಸಬೇಕು. ನನ್ನ ಅಭಿಪ್ರಾಯ, ಮೂರು ವರ್ಷ ಸಂಘ ಇಲ್ಲದೆ ನೇರವಾಗಿ ಕೊಟ್ಟು ನೋಡಿ. ಜನ ಉಳಿದರೆ ಆಗ ಕಟ್ಟಿ. ನಮ್ಮ ಕಡೆ ಬೋರ್ಡು, ಲೆಟರ್‌ಹೆಡ್ ಮಾತ್ರ ಉಳಿದ ಸಂಘಗಳು ಬೇಕಾದಷ್ಟಿವೆ.

ತೆರಿಗೆ ಎಷ್ಟು ಉಳಿಯುತ್ತೆ, ಲೆಕ್ಕ ಹಾಕೋಣ

ಸಂಸ್ಥೆಗೆ 80ಜಿ ಇದ್ದರೆ ನೀವು ಕೊಟ್ಟಿದ್ದರ ಶೇ 50ರಷ್ಟನ್ನು ನಿಮ್ಮ ಆದಾಯದಿಂದ ಕಳೆಯಬಹುದು. ಅದಕ್ಕೂ ಒಂದು ಮೇಲ್ಮಿತಿ ಇದೆ, ಒಟ್ಟು ಆದಾಯದ ಶೇ 10ರ ಲೆಕ್ಕದಲ್ಲಿ. ನೀವು 20,000 ಕೊಟ್ಟಿರಿ ಅಂದುಕೊಳ್ಳಿ. 10,000 ಕಳೆಯುತ್ತದೆ. ಶೇ 20ರ ಸ್ಲ್ಯಾಬಿನಲ್ಲಿದ್ದರೆ ಸೆಸ್ ಸೇರಿ 2,080 ರೂಪಾಯಿ ಉಳಿಯಿತು. ಅಷ್ಟೇ. ಆದರೆ ಇದು ಹಳೇ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಮಾತ್ರ. ಹೊಸ ಪದ್ಧತಿ ಆರಿಸಿಕೊಂಡವರಿಗೆ ಈ ವಿನಾಯಿತಿ ಇಲ್ಲ, ಈಗ ಸಂಬಳದವರಲ್ಲಿ ಹೆಚ್ಚಿನವರು ಅಲ್ಲೇ ಇದ್ದಾರೆ. ಆದ್ದರಿಂದ ಗ್ರೂಪಿನಲ್ಲಿ "ತೆರಿಗೆ ಉಳಿಯುತ್ತೆ, ಕೊಡಿ" ಅಂತ ಕರೆ ಕೊಡಬೇಡಿ. ಉಳಿಯದಿದ್ದಾಗ ಬೇಜಾರಾಗುತ್ತಾರೆ.

ವಿನಾಯಿತಿ ಬೇಕು ಅನ್ನುವವರು ನೋಡಿಕೊಳ್ಳಬೇಕಾದ್ದು ಇಷ್ಟು. 2,000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟರೆ ಸಿಗುವುದಿಲ್ಲ. ಬೆಂಚು, ಕಂಪ್ಯೂಟರ್, ಸಿಮೆಂಟ್ ತಂದು ಕೊಟ್ಟರೂ ಸಿಗುವುದಿಲ್ಲ, ದುಡ್ಡಾಗಿಯೇ ಕೊಡಬೇಕು. ಸಂಸ್ಥೆಯವರು ಮಾರ್ಚ್ 31ಕ್ಕೆ ವರ್ಷ ಮುಗಿದ ಮೇಲೆ ಮೇ 31ರ ಒಳಗೆ ದಾನಿಗಳ ಪಟ್ಟಿಯನ್ನು 10ಬಿಡಿ ಫಾರಂನಲ್ಲಿ ಇಲಾಖೆಗೆ ಸಲ್ಲಿಸಿ, ನಿಮಗೆ 10ಬಿಇ ಸರ್ಟಿಫಿಕೇಟ್ ಕೊಡಬೇಕು. ಬರೀ ರಸೀದಿ ಪುಸ್ತಕದ ಹಾಳೆ ಸಾಲದು. 80ಜಿ ಆದೇಶದ ಪ್ರತಿ ಕೇಳಿ, ಅದರ ಅವಧಿ ಮುಗಿದಿಲ್ಲ ಅಂತ ನೋಡಿ. ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿಗೆ ಅಂತ ಆಗಿರುವುದರಿಂದ ಸೆಕ್ಷನ್ ನಂಬರುಗಳೆಲ್ಲ ಬದಲು, ಫಾರಂ ನಂಬರುಗಳೂ ಬದಲಾಗಿರಬಹುದು. ಜನ 80ಜಿ ಅಂತಲೇ ಹೇಳುತ್ತಾರೆ, ನೀವು ರಿಟರ್ನ್ ಹಾಕುವಾಗ ಆಡಿಟರ್ ಹತ್ತಿರ ಒಂದು ಮಾತು ಕೇಳಿಕೊಳ್ಳಿ.

ಹೆಸರು ಬೇಡ ಅನ್ನುವ ದೊಡ್ಡ ಮನಸ್ಸಿನವರಿದ್ದಾರೆ. ನೋಟಿಸ್ ಬೋರ್ಡಿನಲ್ಲಿ ಹೆಸರು ಬೇಡ ಅನ್ನಿ, ಆದರೆ ಸಂಸ್ಥೆಯ ಪುಸ್ತಕದಲ್ಲಿ ಹೆಸರು, ವಿಳಾಸ ಇರಲೇಬೇಕು. ಹೆಸರಿಲ್ಲದ ದಾನ ಒಂದು ಮಿತಿ ದಾಟಿದರೆ ಅದರ ಮೇಲೆ ಶೇ 30ರ ತೆರಿಗೆ ಶಾಲೆಯ ತಲೆ ಮೇಲೆ ಬರುತ್ತದೆ.

ದುಬೈ, ಅಮೆರಿಕದಲ್ಲಿರುವವರಿಗೆ

ಇಲ್ಲಿ ತಪ್ಪು ಮಾಡಿದರೆ ಶಾಲೆಗೆ ಕಷ್ಟ, ಅದಕ್ಕೆ ಸ್ವಲ್ಪ ಗಮನವಿಟ್ಟು ಓದಿ. ವಿದೇಶಿ ದೇಣಿಗೆಯ ಕಾನೂನು, ಎಲ್ಲರೂ ಎಫ್‌ಸಿಆರ್‌ಎ ಅಂತ ಹೇಳುವುದು, 2010ರದ್ದು. 2020ರಲ್ಲಿ ಅದು ಇನ್ನೂ ಬಿಗಿಯಾಯಿತು. ನೋಡಬೇಕಾದ್ದು ನೀವು ಎಲ್ಲಿದ್ದೀರಿ ಅಂತ ಅಲ್ಲ, ನಿಮ್ಮ ಪಾಸ್‌ಪೋರ್ಟ್ ಯಾವ ದೇಶದ್ದು ಅಂತ. ಕುವೈತಿನಲ್ಲಿ ಇಪ್ಪತ್ತು ವರ್ಷದಿಂದ ಇದ್ದು ಭಾರತದ ಪಾಸ್‌ಪೋರ್ಟೇ ಇದ್ದರೆ, ಸ್ವಂತ ಉಳಿತಾಯದ ದುಡ್ಡನ್ನು ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಅಲ್ಲ. ಶಾಲೆಯ ಮಾಮೂಲಿ ಖಾತೆಗೇ ಹಾಕಬಹುದು. ಪಾಸ್‌ಪೋರ್ಟಿನ ಪ್ರತಿ ಒಂದು ಶಾಲೆಯ ಫೈಲಿನಲ್ಲಿ ಇರಲಿ.

ಅಮೆರಿಕದ ಅಥವಾ ಬ್ರಿಟನ್ನಿನ ಪೌರತ್ವ ತೆಗೆದುಕೊಂಡವರಾದರೆ, ಒಸಿಐ ಕಾರ್ಡ್ (ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವುದು) ಇದ್ದರೂ, ಅವರ ದುಡ್ಡು ವಿದೇಶಿ ದೇಣಿಗೆ. ಇಲ್ಲಿಗೆ ಬಂದು ರೂಪಾಯಿಯಲ್ಲೇ ಕೊಟ್ಟರೂ ಅಷ್ಟೇ. ಸಂಸ್ಥೆಗೆ ಎಫ್‌ಸಿಆರ್‌ಎ ನೋಂದಣಿ ಇರಬೇಕು, ದುಡ್ಡು ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯಲ್ಲಿರುವ ಅದಕ್ಕೇ ಮೀಸಲಾದ ಖಾತೆಗೆ ಮೊದಲು ಬರಬೇಕು. ನೋಂದಣಿ ಇರುವ ಬೇರೆ ಸಂಸ್ಥೆಗೆ ಕಳಿಸಿ ಅಲ್ಲಿಂದ ದಾಟಿಸೋಣ ಅನ್ನುವುದು 2020ರಿಂದ ಬಂದ್. "ನನ್ನ ಅಣ್ಣನ ಖಾತೆಗೆ ಹಾಕುತ್ತೇನೆ, ಅವನು ಕೊಡುತ್ತಾನೆ" ಅನ್ನುವ ದಾರಿಯೂ ಬೇಡ. ನೋಂದಣಿ ಇಲ್ಲದ ಶಾಲೆಯಾದರೆ ಆ ಗೆಳೆಯರಿಂದ ಬೇರೆ ಸಹಾಯ ತೆಗೆದುಕೊಳ್ಳಿ. ಹತ್ತನೇ ಕ್ಲಾಸಿನ ಮಕ್ಕಳಿಗೆ ಶನಿವಾರ ಆನ್‌ಲೈನಿನಲ್ಲಿ ಇಂಗ್ಲಿಷ್ ಹೇಳಿಕೊಡುವ ಒಬ್ಬರು ನಮ್ಮಲ್ಲಿದ್ದಾರೆ.

ಯಾವುದಕ್ಕೆ ಕೊಡಬೇಕು?

ನನ್ನನ್ನು ಕೇಳಿದರೆ ಮೊದಲು ಆ ಪೆನ್ಸಿಲ್ ಚುಕ್ಕೆಗಳಿಗೆ.

ಶಾಲೆ ಜೂನ್ ಹೊತ್ತಿಗೆ ಶುರು. ನಮ್ಮ ಜಿಲ್ಲೆಗಳಲ್ಲಿ ಜೂನ್ ಅಂದರೆ ಕೈ ಖಾಲಿ. ಹಾಸನದ ಸುತ್ತ ಆಲೂಗಡ್ಡೆ ಹಾಕುವವರು ಮೇ, ಜೂನಿನಲ್ಲಿ ಬೀಜ, ಗೊಬ್ಬರಕ್ಕೆ ಸಾಲ ಮಾಡಿರುತ್ತಾರೆ, ಬೆಳೆ ಬರುವುದು ಆಗಸ್ಟ್, ಸೆಪ್ಟೆಂಬರಿಗೆ. ಮೂಡಿಗೆರೆ, ಸಕಲೇಶಪುರದ ಕಡೆ ಕಾಫಿ ಎಸ್ಟೇಟಿನ ಲೈನ್ ಮನೆಯಲ್ಲಿರುವ ಕೂಲಿಯವರಿಗೆ ಕಾಫಿ ಹಣ್ಣು ಕುಯ್ಲಿನ ಕಾಲದಲ್ಲಿ ಬರುವ ದುಡ್ಡು ಜೋರು ಮಳೆಯಲ್ಲಿ ಬರುವುದಿಲ್ಲ. ಸರಿಯಾಗಿ ಆಗಲೇ ಫೀಸ್, ಯೂನಿಫಾರಂ, ನೋಟ್ಸು, ಛತ್ರಿ, ಶೂ ಎಲ್ಲ ಒಟ್ಟಿಗೆ. ಹಾಗಾಗಿ ನಮ್ಮ ದುಡ್ಡು ಮೇ ಕೊನೆಯ ಒಳಗೆ ಶಾಲೆಯ ಖಾತೆಯಲ್ಲಿರಬೇಕು. ಡಿಸೆಂಬರಿನ ಗೆಟ್ ಟುಗೆದರ್‌ನಲ್ಲಿ ಕೊಟ್ಟ ಚೆಕ್ಕು ಆ ವರ್ಷ ಬಿಟ್ಟುಹೋದ ಮಗುವಿಗೆ ತಲುಪುವುದಿಲ್ಲ.

ಯಾವ ಮಗು ಅಂತ ನೀವು ಆರಿಸಬೇಡಿ. ಅದು ಕ್ಲಾಸ್ ಟೀಚರ್, ಹೆಡ್‌ಮಾಸ್ಟರ್ ಕೆಲಸ. ಜಾತಿ, ಧರ್ಮ ನೋಡದೆ ಅಂತ ಪತ್ರದಲ್ಲಿ ಬರೆಯಿರಿ. ಮಗುವಿನ ಹೆಸರು, ಫೋಟೋ ಕೇಳಬೇಡಿ, ಎಷ್ಟು ಮಕ್ಕಳಿಗೆ ಎಷ್ಟು ಅಂತ ಸಂಖ್ಯೆ ಕೇಳಿದರೆ ಸಾಕು. ಸ್ಟೇಜಿಗೆ ಕರೆದು ಕವರ್ ಕೊಡುವ ಕಾರ್ಯಕ್ರಮವಂತೂ ಬೇಡವೇ ಬೇಡ. ಹದಿನೈದು ವರ್ಷದ ಹುಡುಗಿ ಇಡೀ ಸ್ಕೂಲಿನ ಮುಂದೆ ನಡೆದುಬಂದು ಕೈ ಚಾಚುವುದು ಹೇಗಿರುತ್ತದೆ ಅಂತ ಯೋಚನೆ ಮಾಡಿ. ಸಿಸ್ಟರ್ ಪೆನ್ಸಿಲಿನಲ್ಲಿ ಗುರುತು ಹಾಕಿದ್ದು ಅದಕ್ಕೇ ಅಲ್ವಾ?

ಬಸ್ಸಿನ ಖರ್ಚೂ ನೋಡಿ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಉಚಿತ. ಆದರೆ ಮಲೆನಾಡಿನಲ್ಲಿ ಖಾಸಗಿ ಬಸ್ಸೇ ಗತಿ ಅನ್ನುವ ದಾರಿಗಳಿವೆ, ಅಲ್ಲಿ ದಿನಾ ದುಡ್ಡು ಕೊಡಬೇಕು.

ಎರಡನೆಯದು ತಾತ್ಕಾಲಿಕ ಮೇಷ್ಟ್ರ ಸಂಬಳ. ತಿಂಗಳಿಗೆ 15,000 ಅಂದುಕೊಂಡರೆ ಹತ್ತು ತಿಂಗಳಿಗೆ ಒಂದೂವರೆ ಲಕ್ಷ. ಮೂವತ್ತು ಜನ ತಿಂಗಳಿಗೆ 500 ಹಾಕಿದರೆ ಆ ಹತ್ತು ತಿಂಗಳು ಗಣಿತಕ್ಕೊಬ್ಬ ಟೀಚರ್ ಇರುತ್ತಾರೆ. ಇದಕ್ಕೆ ಕಲ್ಲಿನ ಮೇಲೆ ಹೆಸರು ಬರುವುದಿಲ್ಲ, ಆದರೂ ನನ್ನ ಪ್ರಕಾರ ಕಟ್ಟಡಕ್ಕಿಂತ ಇದು ದೊಡ್ಡ ಕೆಲಸ. ಒಂದೇ ಎಚ್ಚರಿಕೆ, ಶುರು ಮಾಡಿದರೆ ಆ ವರ್ಷ ಪೂರ್ತಿ ಕೊಡಬೇಕು. ನವೆಂಬರಿನಲ್ಲಿ ನಿಲ್ಲಿಸಿದರೆ ಎಸ್ಸೆಸ್ಸೆಲ್ಸಿ ಮಕ್ಕಳು ನಡುನೀರಿನಲ್ಲಿ.

ಕಟ್ಟಡದ ಕೆಲಸವೇ ಆದರೆ ಚಾವಣಿಯಿಂದ ಶುರು ಮಾಡಿ. ಹಳೇ ಮಂಗಳೂರು ಹೆಂಚಿನ ಕೋಣೆಗಳಲ್ಲಿ ಹೆಂಚು ಬದಲಿಸಿದರೆ ಸಾಲದು, ಕೆಳಗಿನ ರೀಪು, ಪಕ್ಕಾಸು ಗೆದ್ದಲು ಹಿಡಿದಿದೆಯಾ ಅಂತ ಮೇಸ್ತ್ರಿ ಹತ್ತಿಸಿ ನೋಡಿಸಿ. ಮೂರು ಕಡೆ ಕೊಟೇಶನ್ ತೆಗೆದುಕೊಳ್ಳಿ. ಜನವರಿಯಿಂದ ಏಪ್ರಿಲ್ ಒಳಗೆ ಮುಗಿಯಬೇಕು. ಯಂತ್ರ, ಕಂಪ್ಯೂಟರ್ ಕೊಡುವುದಾದರೆ ಮೂರು ವರ್ಷದ ರಿಪೇರಿ ಖರ್ಚನ್ನೂ ಸೇರಿಸಿ ಕೊಡಿ.

ದತ್ತಿನಿಧಿ ಇಡಬೇಕು ಅನ್ನುವವರಿಗೆ ಒಂದು ಲೆಕ್ಕ. ಐದು ಲಕ್ಷ ಎಫ್‌ಡಿ ಇಟ್ಟರೆ ಶೇ 6.5ರ ಬಡ್ಡಿಗೆ ವರ್ಷಕ್ಕೆ 32,500. ನಮ್ಮ ಶಾಲೆಯಲ್ಲಿ ಬಹಳ ಹಿಂದೆ ಒಬ್ಬ ಹಿರಿಯರು ತಂದೆಯ ಹೆಸರಿನಲ್ಲಿ 1,000 ರೂಪಾಯಿ ದತ್ತಿ ಇಟ್ಟಿದ್ದರು. ಆಗ ಅದು ದೊಡ್ಡ ಮೊತ್ತ. ಈಗ ಅದರ ಬಡ್ಡಿಯಲ್ಲಿ ಒಂದು ಜಾಮಿಟ್ರಿ ಬಾಕ್ಸ್ ಬರುವುದಿಲ್ಲ. ಆದ್ದರಿಂದ ಬಡ್ಡಿಯಲ್ಲಿ ಮುಕ್ಕಾಲು ಪಾಲು ಖರ್ಚು, ಕಾಲು ಪಾಲು ಅಸಲಿಗೆ ಅಂತ ಮೊದಲೇ ಬರೆದಿಡಿ. ಇದು ಮೂಲನಿಧಿ, ಅಸಲು ಮುಟ್ಟಬಾರದು ಅಂತ ಪತ್ರದಲ್ಲಿ ಸ್ಪಷ್ಟವಾಗಿ ಇರಬೇಕು, ಸಂಸ್ಥೆಯ ಲೆಕ್ಕಕ್ಕೂ ಅದು ಬೇಕು.

ಸೀಟಿಗೂ ದುಡ್ಡಿಗೂ ನಂಟು ಹಾಕಬೇಡಿ. ಅಣ್ಣನ ಮಗನಿಗೆ ಸೀಟು ಸಿಗಲಿ ಅಂತ ಕೊಟ್ಟರೆ ಅದು ದಾನ ಅಲ್ಲ, ಕ್ಯಾಪಿಟೇಶನ್. 1984ರಿಂದಲೇ ಕರ್ನಾಟಕದಲ್ಲಿ ಅದನ್ನು ತಡೆಯುವ ಕಾನೂನಿದೆ.

ಬ್ಯಾಚನ್ನು ಸೇರಿಸುವುದು

ದೊಡ್ಡ ಮೊತ್ತ ಹೇಳಿ ಹೆದರಿಸಬೇಡಿ. ನಮ್ಮ ಬ್ಯಾಚಿನಲ್ಲಿ ಎಸ್ಟೇಟ್ ಇರುವವರೂ ಇದ್ದಾರೆ, ಆಟೋ ಓಡಿಸುವವರೂ ಇದ್ದಾರೆ. ತಿಂಗಳಿಗೆ 100ರಿಂದ ಶುರು ಅಂದೆವು, ಎಷ್ಟು ಜನ ಅಂತ ಮಾತ್ರ ಗ್ರೂಪಿನಲ್ಲಿ ಹೇಳಿದೆವು, ಯಾರು ಎಷ್ಟು ಅಂತ ಹಾಕಲಿಲ್ಲ. ಸ್ಮಾರ್ಟ್ ಬೋರ್ಡಿಗೆ ಕೊಡದೆ ಸುಮ್ನೆ ಇದ್ದವರು ಈ ಸಲ ಬಂದರು. ಬ್ಯಾಂಕಿನಲ್ಲಿ ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್ ಹಾಕಿಸಿದರೆ ಪ್ರತಿ ತಿಂಗಳು ನೆನಪಿಸುವ ಕೆಲಸವಿಲ್ಲ. ಬೆಳೆಗಾರರಿಗೆ ತಿಂಗಳ ಲೆಕ್ಕ ಒಗ್ಗುವುದಿಲ್ಲ. ಅರೇಬಿಕಾ ಕುಯ್ಲು ಜನವರಿ ಹೊತ್ತಿಗೆ, ರೋಬಸ್ಟಾ ಅದಾದ ಮೇಲೆ ಮುಗಿದು ಕಾಫಿ ಮಾರಿದ ಮೇಲೆ ಅವರು ಒಂದೇ ಸಲ ಕೊಡುತ್ತಾರೆ. ಫೆಬ್ರವರಿ, ಮಾರ್ಚಿನಲ್ಲಿ ಕೇಳಿ, ಮಾರ್ಚ್ 31ರ ಲೆಕ್ಕಕ್ಕೂ ಆಯಿತು.

ವರ್ಷಕ್ಕೊಮ್ಮೆ ಏಪ್ರಿಲಿನಲ್ಲಿ ಒಂದು ಪುಟದ ಲೆಕ್ಕ ಶಾಲೆಯಿಂದ ಬರಿಸಿಕೊಂಡು ಎಲ್ಲರಿಗೂ ಕಳಿಸಿ. ಎಷ್ಟು ಬಂತು, ಯಾತಕ್ಕೆ ಹೋಯಿತು, ಎಷ್ಟು ಉಳಿದಿದೆ. ಬಿಲ್ಲುಗಳನ್ನು ಇಬ್ಬರು ಹೋಗಿ ನೋಡಿ ಬನ್ನಿ. ಹೋಗುವಾಗ ರಿಟೈರ್ ಆದ ನಿಮ್ಮ ಹಳೇ ಮೇಷ್ಟ್ರನ್ನೂ ಕರೆದುಕೊಂಡು ಹೋಗಿ, ಅವರಿಗೆ ಖುಷಿ, ಶಾಲೆಗೂ ಧೈರ್ಯ.

ದುಡ್ಡಿನ ಜೊತೆ ಕೊಡುವ ಪತ್ರ ಹೇಗಿರಬೇಕು ಅಂತ ಕೇಳುವವರಿಗಾಗಿ ನಾವು ಕೊಟ್ಟಿದ್ದನ್ನೇ ಹಾಕುತ್ತಿದ್ದೇನೆ. ಎರಡು ಪ್ರತಿ ಮಾಡಿ, ಒಂದಕ್ಕೆ ಶಾಲೆಯ ಸೀಲು ಹಾಕಿಸಿಕೊಂಡು ನಿಮ್ಮ ಹತ್ತಿರ ಇಟ್ಟುಕೊಳ್ಳಿ.

"ಮಾನ್ಯ ಸಿಸ್ಟರ್ ಅವರಿಗೆ ನಮಸ್ಕಾರಗಳು. ನಮ್ಮ ಬ್ಯಾಚಿನ ಹಳೇ ವಿದ್ಯಾರ್ಥಿಗಳು ತಮ್ಮ ಸಂಸ್ಥೆಯ ಖಾತೆಗೆ ಜಮಾ ಮಾಡಿರುವ ಹಣದ ಪಟ್ಟಿ ಇದರ ಜೊತೆ ಇದೆ. ಈ ಹಣವನ್ನು ಬರುವ ಶಾಲಾ ವರ್ಷದಲ್ಲಿ ಫೀಸ್ ಕಟ್ಟಲು ಆಗದ ಮಕ್ಕಳಿಗಾಗಿ, ಯಾವುದೇ ಜಾತಿ, ಧರ್ಮ ನೋಡದೆ ಬಳಸಬೇಕಾಗಿ ಕೋರುತ್ತೇವೆ. ಮಕ್ಕಳ ಆಯ್ಕೆ ತಮ್ಮದು ಮತ್ತು ಶಿಕ್ಷಕರದು. ಅವರ ಹೆಸರನ್ನು ನಮಗೆ ತಿಳಿಸುವುದು ಬೇಡ. ಹಣ ಉಳಿದರೆ ತಾತ್ಕಾಲಿಕ ಶಿಕ್ಷಕರ ಸಂಬಳಕ್ಕೆ ಉಪಯೋಗಿಸಬಹುದು. ಏಪ್ರಿಲ್ ತಿಂಗಳಲ್ಲಿ ಖರ್ಚಿನ ವಿವರ ಕಳಿಸಿಕೊಡಬೇಕಾಗಿ ವಿನಂತಿ."